ಡಿಎನ್‌ಎ-ಸೆಲ್ಯುಲೋಸ್ ಕ್ರೊಮ್ಯಾಟೋಗ್ರಫಿ

ಡಿಎನ್‌ಎ-ಸೆಲ್ಯುಲೋಸ್ ಕ್ರೊಮ್ಯಾಟೋಗ್ರಫಿ ಎಂಬುದು ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಜೀವಕೋಶದ ಇತರ ಪ್ರೋಟೀನುಗಳಿಂದ ಬೇರ್ಪಡಿಸಿ ಶುದ್ಧೀಕರಿಸುವ ಜೀವರಸಾಯನಿಕ ವಿಧಾನ. ಸಸ್ಯಗಳ ಕೋಶಭಿತ್ತಿಯ ಮುಖ್ಯ ವಸ್ತುವಾದ ಸೆಲ್ಯುಲೋಸಿನ ಪುಡಿಯ ಮೇಲೆ ಡಿಎನ್‌ಎಯನ್ನು ನೆಲೆಗೊಳಿಸಿ, ಅದನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಕೋಶಸಾರವನ್ನು ಅದರ ಮೂಲಕ ಹಾಯಿಸಲಾಗುತ್ತದೆ. ಡಿಎನ್‌ಎಗೆ ಒಲವುಳ್ಳ ಪ್ರೋಟೀನುಗಳು ಕೊಳವೆಯಲ್ಲಿಯೇ ಉಳಿಯುತ್ತವೆ, ಉಳಿದವು ಹರಿದುಹೋಗುತ್ತವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಆಲ್ಬರ್ಟ್ಸ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದ ವಿವರ 1968ರಲ್ಲಿ ಪ್ರಕಟವಾಯಿತು.

ಹಿನ್ನೆಲೆ

ಒಂದು ಪ್ರೋಟೀನನ್ನು ಶುದ್ಧೀಕರಿಸಲು ಹೊರಟವರಿಗೆ ಅದು ಎಲ್ಲಿದೆಯೆಂದು ತೋರಿಸುವ ಪರೀಕ್ಷೆಯೊಂದು ಬೇಕು. ಕಿಣ್ವವಾದರೆ ಅದು ನಡೆಸುವ ರಾಸಾಯನಿಕ ಕ್ರಿಯೆಯೇ ಗುರುತು. 1950ರ ದಶಕದಲ್ಲಿ ಆರ್ಥರ್ ಕಾರ್ನ್‌ಬರ್ಗ್ ಡಿಎನ್‌ಎ ಪಾಲಿಮರೇಸನ್ನು ಕಂಡುಹಿಡಿದದ್ದು ಈ ಮಾರ್ಗದಿಂದಲೇ. ಆದರೆ ಯಾವ ಕ್ರಿಯೆಯನ್ನೂ ನಡೆಸದೆ ಡಿಎನ್‌ಎಯನ್ನು ಸುಮ್ಮನೆ ಹಿಡಿದುಕೊಂಡು ಅದರ ಆಕಾರವನ್ನು ಕಾಯುವ ಪ್ರೋಟೀನನ್ನು ಪತ್ತೆಹಚ್ಚುವುದು ಹೇಗೆ? ಡಿಎನ್‌ಎಯ ನಕಲಿಗೆ ಹಲವು ವಂಶವಾಹಿಗಳು ಅನಿವಾರ್ಯವೆಂದು ತಳಿವಿಜ್ಞಾನಿಗಳು ಅಷ್ಟರಲ್ಲಿ ತೋರಿಸಿದ್ದರೂ, ಅವುಗಳಿಂದ ಉಂಟಾಗುವ ಪ್ರೋಟೀನುಗಳಲ್ಲಿ ಅನೇಕವು ಯಾರ ಕೈಗೂ ಸಿಕ್ಕಿರಲಿಲ್ಲ. ಕಾರ್ಯವನ್ನು ಬದಿಗಿಟ್ಟು, ಡಿಎನ್‌ಎಗೆ ಅಂಟುವ ಗುಣವೊಂದನ್ನೇ ಗುರುತಾಗಿ ಹಿಡಿದದ್ದು ಈ ವಿಧಾನದ ಹೊಸತನ.

ಸೆಲ್ಯುಲೋಸಿಗೆ ಡಿಎನ್‌ಎಯನ್ನು ಜೋಡಿಸುವ ಆಲೋಚನೆ ಅದಕ್ಕಿಂತ ಹಳೆಯದು. 1962ರಲ್ಲಿ ಬೌಟ್ಸ್ ಮತ್ತು ಹಾಲ್ ಅಂತಹ ಕೊಳವೆಯನ್ನು ಬಳಸಿದ್ದರು. ಅವರು ಅರಸಿದ್ದು ಪ್ರೋಟೀನನ್ನಲ್ಲ, ಟಿ4 ಎಂಬ ಬ್ಯಾಕ್ಟೀರಿಯ-ವೈರಸ್ಸಿನ ಆರ್‌ಎನ್‌ಎಯನ್ನು.

ತಯಾರಿಕೆ

ಆಲ್ಬರ್ಟ್ಸ್ ಅವರ ಕ್ರಮ ಅಚ್ಚರಿಯಾಗುವಷ್ಟು ಸರಳ. ಚೆನ್ನಾಗಿ ತೊಳೆದ ಸೆಲ್ಯುಲೋಸ್ ಪುಡಿಯನ್ನು ಡಿಎನ್‌ಎ ದ್ರಾವಣದಲ್ಲಿ ಕಲಸಿ ಗಟ್ಟಿಯಾದ ಹಿಟ್ಟಿನಂತೆ ಮಾಡಿ, ತೆಳುವಾಗಿ ಹರಡಿ ಒಣಗಿಸುತ್ತಾರೆ. ಬಳಿಕ ನಿರ್ವಾತದಲ್ಲಿ ಉಳಿದ ತೇವವನ್ನೂ ತೆಗೆದು, ಮತ್ತೆ ದ್ರಾವಣದಲ್ಲಿ ನೆನೆಸಿ, ಅಂಟದೆ ಉಳಿದ ಡಿಎನ್‌ಎಯನ್ನು ತೊಳೆದುಬಿಡುತ್ತಾರೆ. ಇಲ್ಲಿ ರಾಸಾಯನಿಕ ಬಂಧವೇನೂ ಏರ್ಪಡುವುದಿಲ್ಲ. ಉದ್ದನೆಯ ಡಿಎನ್‌ಎ ಎಳೆಗಳು ಒಣಗುವಾಗ ಸೆಲ್ಯುಲೋಸಿನ ನಾರುಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಅಷ್ಟೆ. ಆದುದರಿಂದ ತುಂಡು ಡಿಎನ್‌ಎ ಈ ಕೆಲಸಕ್ಕೆ ಒದಗದು. 1968ರಲ್ಲಿಯೇ ಲಿಟ್‌ಮನ್ ಪ್ರಕಟಿಸಿದ ಇನ್ನೊಂದು ಕ್ರಮದಲ್ಲಿ ಒಣಗಿದ ಮಿಶ್ರಣವನ್ನು ಆಲ್ಕೋಹಾಲಿನಲ್ಲಿ ತೇಲಿಸಿ ಅತಿನೇರಳೆ ಕಿರಣಕ್ಕೆ ಒಡ್ಡುವುದರಿಂದ ಡಿಎನ್‌ಎ ಇನ್ನಷ್ಟು ಭದ್ರವಾಗಿ ನಿಲ್ಲುತ್ತದೆ.

ಜೋಡಿ ಎಳೆಯ ಡಿಎನ್‌ಎಯನ್ನಾಗಲಿ, ಬಿಸಿಮಾಡಿ ಬಿಡಿಸಿದ ಒಂಟಿ ಎಳೆಯನ್ನಾಗಲಿ ಹೀಗೆ ನೆಲೆಗೊಳಿಸಬಹುದು. ಕೋಶಸಾರವನ್ನು ಮೊದಲು ಜೋಡಿ ಎಳೆಯ ಕೊಳವೆಯಲ್ಲಿ, ಅನಂತರ ಒಂಟಿ ಎಳೆಯ ಕೊಳವೆಯಲ್ಲಿ ಹಾಯಿಸಿದರೆ ಒಂಟಿ ಎಳೆಯನ್ನೇ ಬಯಸುವ ಪ್ರೋಟೀನುಗಳು ಪ್ರತ್ಯೇಕವಾಗಿ ದೊರೆಯುತ್ತವೆ.

ಬೇರ್ಪಡಿಸುವ ಕ್ರಮ

ಕೋಶಸಾರದಲ್ಲಿ ಜೀವಿಯ ಸ್ವಂತ ಡಿಎನ್‌ಎ ಇದ್ದರೆ ಪ್ರೋಟೀನುಗಳು ಅದನ್ನು ಬಿಟ್ಟು ಕೊಳವೆಯ ಡಿಎನ್‌ಎಗೆ ಬರಲಾರವು. ಆದಕಾರಣ ಮೊದಲು ಅದನ್ನು ತೆಗೆದುಹಾಕಬೇಕು. ಅನಂತರ ಸಾರವನ್ನು ಕಡಿಮೆ ಉಪ್ಪಿನ, ಸಾಮಾನ್ಯವಾಗಿ 0.05 ಮೋಲಾರಿನಷ್ಟು ಸೋಡಿಯಂ ಕ್ಲೋರೈಡಿರುವ ದ್ರಾವಣದಲ್ಲಿ ಕೊಳವೆಗೆ ಹಾಕುತ್ತಾರೆ. ಡಿಎನ್‌ಎಯ ಫಾಸ್ಫೇಟುಗಳು ಋಣಾವೇಶದವು, ಅವನ್ನು ಹಿಡಿಯುವ ಲೈಸೀನ್, ಆರ್ಜಿನೀನ್‌ಗಳು ಧನಾವೇಶದವು. ಉಪ್ಪು ಹೆಚ್ಚಿದಂತೆ ಈ ಆಕರ್ಷಣೆ ಕುಗ್ಗುತ್ತದೆ. ದ್ರಾವಣದ ಉಪ್ಪನ್ನು ಮೆಟ್ಟಿಲು ಮೆಟ್ಟಿಲಾಗಿ 2 ಮೋಲಾರ್‌ವರೆಗೂ ಏರಿಸಿದಾಗ ಸಡಿಲವಾಗಿ ಅಂಟಿದವು ಮೊದಲು, ಬಿಗಿಯಾಗಿ ಅಂಟಿದವು ಕಡೆಗೆ ಹೊರಬರುತ್ತವೆ. ಹೀಗೆ ಶುದ್ಧೀಕರಣದ ಜೊತೆಗೇ ಬಂಧನದ ಬಲದ ಅಂದಾಜೂ ದೊರೆಯುತ್ತದೆ. ಡಿಎನ್‌ಎ ಇಲ್ಲದ ಬರಿಯ ಸೆಲ್ಯುಲೋಸಿನ ಕೊಳವೆಯೊಂದನ್ನು ಹೋಲಿಕೆಗೆ ಇಡುವುದು ಅಗತ್ಯ.

ವಂಶವಾಹಿ 32ರ ಪ್ರೋಟೀನು

ಈ ವಿಧಾನಕ್ಕೆ ಹೆಸರು ತಂದದ್ದು ಟಿ4 ವೈರಸ್ಸಿನ ವಂಶವಾಹಿ 32. ಅದು ಕೆಟ್ಟರೆ ವೈರಸ್ಸಿನ ಡಿಎನ್‌ಎಯ ನಕಲೂ ಮರುಜೋಡಣೆಯೂ ನಡೆಯುವುದಿಲ್ಲವೆಂದು ತಿಳಿದಿತ್ತು, ಏಕೆಂಬುದು ತಿಳಿದಿರಲಿಲ್ಲ. ಟಿ4 ಸೋಂಕು ತಗುಲಿದ ಬ್ಯಾಕ್ಟೀರಿಯಗಳ ಸಾರವನ್ನು ಒಂಟಿ ಎಳೆಯ ಡಿಎನ್‌ಎ ಕೊಳವೆಯಲ್ಲಿ ಹಾಯಿಸಿದಾಗ, ಹೆಚ್ಚು ಉಪ್ಪಿಗೂ ಜಗ್ಗದೆ ಹಿಡಿದುಕೊಂಡ ಪ್ರೋಟೀನೊಂದು ಧಾರಾಳವಾಗಿ ದೊರೆಯಿತು. ಅದು ಯಾವ ವಂಶವಾಹಿಯದು? ಒಂದೊಂದೇ ವಂಶವಾಹಿ ಕೆಟ್ಟ ವೈರಸ್ಸುಗಳಿಂದ ಅದೇ ಪ್ರಯೋಗವನ್ನು ಮಾಡಿ ನೋಡಿದಾಗ, 32 ಕೆಟ್ಟ ವೈರಸ್ಸಿನ ಸಾರದಲ್ಲಿ ಆ ಪ್ರೋಟೀನು ಕಾಣಲಿಲ್ಲ. ತಳಿವಿಜ್ಞಾನವೂ ರಸಾಯನವೂ ಇಷ್ಟು ನೇರವಾಗಿ ಒಂದನ್ನೊಂದು ಸಂಧಿಸಿದ ಸಂದರ್ಭಗಳು ವಿರಳ.

1970ರಲ್ಲಿ ಆಲ್ಬರ್ಟ್ಸ್ ಮತ್ತು ಲಿಂಡಾ ಫ್ರೇ ‘ನೇಚರ್’ ಪತ್ರಿಕೆಯಲ್ಲಿ ಇದರ ಗುಣಗಳನ್ನು ವಿವರಿಸಿದರು. ಇದು ಒಂಟಿ ಎಳೆಯ ಮೇಲೆ ಒಂದರ ಪಕ್ಕ ಒಂದರಂತೆ ಸಾಲಾಗಿ ಕೂರುತ್ತದೆ. ಒಂದು ಅಣು ಕುಳಿತೊಡನೆ ಮುಂದಿನದಕ್ಕೆ ಕೂರುವುದು ಸುಲಭವಾಗುತ್ತದೆ. ಇದು ಕಿಣ್ವವಲ್ಲ, ಎಳೆಯನ್ನು ಹಾಸಿಕೊಡುವ ರಾಚನಿಕ ಪ್ರೋಟೀನು. ಕಿಣ್ವದ ಕೆಲವೇ ಅಣುಗಳು ಸಾಕಾದಲ್ಲಿ ಇದು ರಾಶಿಯಾಗಿ ಬೇಕಾಗುವುದು ಇದಕ್ಕಾಗಿಯೇ. 1972ರಲ್ಲಿ ಇ. ಕೋಲೈ ಬ್ಯಾಕ್ಟೀರಿಯದಲ್ಲಿಯೂ ಇದೇ ಬಗೆಯ ಪ್ರೋಟೀನು ವರದಿಯಾಯಿತು.

ಹಾರ್ಮೋನ್ ಗ್ರಾಹಕಗಳು

ಶುದ್ಧೀಕರಣವಲ್ಲದೆ ಅಧ್ಯಯನಕ್ಕೂ ಈ ಕೊಳವೆ ಒದಗಿತು. ಲಿಂಫೋಮ ಎಂಬ ಕ್ಯಾನ್ಸರಿನ ಕೆಲವು ಇಲಿಕೋಶಗಳನ್ನು ಡೆಕ್ಸಾಮೆಥಾಸೋನ್ ಕೊಲ್ಲುತ್ತದೆ, ಅವುಗಳಿಂದಲೇ ಹುಟ್ಟಿದ ಕೆಲವು ಕೋಶಗಳು ಅದಕ್ಕೆ ಬಗ್ಗುವುದಿಲ್ಲ. 1974ರಲ್ಲಿ ಕೀತ್ ಯಮಮೋಟೊ ಮತ್ತು ಸಂಗಡಿಗರು ಇಂತಹ ಕೋಶಗಳ ಗ್ರಾಹಕ ಪ್ರೋಟೀನುಗಳನ್ನು ಡಿಎನ್‌ಎ-ಸೆಲ್ಯುಲೋಸಿನಲ್ಲಿ ಪರೀಕ್ಷಿಸಿದರು. ಔಷಧಕ್ಕೆ ಬಗ್ಗದ ಒಂದು ಬಗೆಯ ಕೋಶಗಳ ಗ್ರಾಹಕ ಸಹಜವಾದದ್ದಕ್ಕಿಂತ ಕಡಿಮೆ ಉಪ್ಪಿನಲ್ಲಿಯೇ ಕಳಚಿಕೊಂಡಿತು, ಇನ್ನೊಂದರದು ಹೆಚ್ಚು ಉಪ್ಪಿನವರೆಗೂ ಬಿಡಲಿಲ್ಲ. ಔಷಧ ನಾಟದಿರುವುದಕ್ಕೂ ಡಿಎನ್‌ಎಯ ಹಿಡಿತಕ್ಕೂ ಸಂಬಂಧವಿದೆಯೆಂಬುದು ಇದರಿಂದ ಕಂಡುಬಂತು.

ಮಿತಿಗಳು

ಧನಾವೇಶ ಹೆಚ್ಚಿರುವ ಯಾವ ಪ್ರೋಟೀನಾದರೂ ಡಿಎನ್‌ಎಗೆ ಅಂಟಬಹುದು, ಅಂಟಿದ ಮಾತ್ರಕ್ಕೆ ಜೀವಕೋಶದಲ್ಲಿ ಅದರ ಕೆಲಸ ಡಿಎನ್‌ಎಯೊಡನೆಯೇ ಎಂದು ಹೇಳಲಾಗದು. ಇದಲ್ಲದೆ ಡಿಎನ್‌ಎ ನಿಧಾನವಾಗಿ ಕಳಚಿ ಸೋರುವುದೂ ಉಂಟು. ಒಂದು ನಿರ್ದಿಷ್ಟ ಅನುಕ್ರಮವನ್ನು ಮಾತ್ರ ಗುರುತಿಸುವ ಪ್ರೋಟೀನುಗಳಿಗೆ, ಸಾವಿರಾರು ಅನುಕ್ರಮಗಳು ಬೆರೆತ ಡಿಎನ್‌ಎ ತಕ್ಕ ಬಲೆಯೂ ಅಲ್ಲ. ಈ ಕೊರತೆಯನ್ನು 1986ರಲ್ಲಿ ಜೇಮ್ಸ್ ಕಡೊನಾಗ ಮತ್ತು ರಾಬರ್ಟ್ ಜಾನ್ ನೀಗಿಸಿದರು. ಬೇಕಾದ ಅನುಕ್ರಮವನ್ನೇ ಕೃತಕವಾಗಿ ತಯಾರಿಸಿ, ಸೆಲ್ಯುಲೋಸಿಗೆ ಬದಲು ಸೆಫರೋಸ್ ಮಣಿಗಳಿಗೆ ರಾಸಾಯನಿಕವಾಗಿ ಬೆಸೆದು, ಸಾರದಲ್ಲಿ ಸ್ಪರ್ಧಿಯಾಗಿ ಬೇರೆ ಡಿಎನ್‌ಎಯನ್ನು ಬೆರೆಸಿ, ಎರಡು ಬಾರಿ ಹಾಯಿಸಿದಾಗ ಪ್ರೋಟೀನು 500ರಿಂದ 1000 ಪಟ್ಟು ಶುದ್ಧವಾಯಿತು.