ರಂಪಣಿ: ಊರೇ ಸೇರಿ ಎಳೆಯುತ್ತಿದ್ದ ಬಲೆ

ಕಾರವಾರದ ಕಡಲು ಅಂದ ಕೂಡಲೇ ಬಹಳ ಜನ ಟಾಗೋರ್ ಹೆಸರು ಹೇಳ್ತಾರೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಬಂದಿದ್ದರು, ಒಂದು ನಾಟಕವನ್ನೂ ಬರೆದರು. ಈಗ ಬೀಚಿಗೂ ಅವರದೇ ಹೆಸರು. ಸಂತೋಷ. ಆದರೆ ಅದೇ ಕೊಲ್ಲಿಯಲ್ಲಿ ಅನ್ನ ಹುಡುಕಿದ ಖಾರ್ವಿ, ಹರಿಕಂತ್ರ, ಗಾಬಿತ ಮನೆಗಳ ಕತೆ ಎಲ್ಲಿ? ಯಾರಾದರೂ ಅದನ್ನ ಸಚಿತ್ರ ಐತಿಹಾಸಿಕ ಕಾದಂಬರಿಯಾಗಿ ಬರೆಯೋದಾದರೆ, ರಂಪಣಿ ಇಲ್ಲದೆ ಅದು ಪೂರ್ತಿಯಾಗಲ್ಲ.

ರಂಪಣಿ ಅಂದ್ರೆ ದಡದಿಂದ ಎಳೆಯುವ ಭಾರೀ ಬಲೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಬಂಗುಡೆ (ಮುಂಬಯಿಯವರ ಬಾಂಗ್ಡಾ) ಹಿಂಡುಹಿಂಡಾಗಿ ದಡದ ಹತ್ತಿರ ಬರುತ್ತೆ. ನೀರಿನ ಬಣ್ಣ, ಮೇಲೆ ಎರಗುವ ಹಕ್ಕಿಗಳನ್ನು ನೋಡಿ ಅನುಭವಿಗಳು ಹಿಂಡನ್ನು ಗುರುತಿಸ್ತಿದ್ದರು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸಬೇಕು. ಆಮೇಲೆ ಎರಡೂ ಕಡೆ ಹತ್ತಾರು ಜನ ನಿಂತು ಎಳೆಯೋದು. ಮೀನು ವಿಪರೀತ ಬಿದ್ದರೆ ಬಲೆಯನ್ನು ನೀರಲ್ಲೇ ಕಟ್ಟಿ ನಿಲ್ಲಿಸಿ, ಪೇಟೆ ನೋಡಿಕೊಂಡು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ತೆಗೀತಿದ್ದರು. ಐಸ್ ಇಲ್ಲದ ಕಾಲದ ಕೋಲ್ಡ್ ಸ್ಟೋರೇಜ್ ಅನ್ನಿ!

ಇಷ್ಟು ದೊಡ್ಡ ಬಲೆ ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ. ಬೇರೆಬೇರೆ ಮನೆಯವರ ತುಂಡುಗಳನ್ನು ಜೋಡಿಸಿ ರಂಪಣಿ ಆಗ್ತಿತ್ತು. ಬಂದ ದುಡ್ಡಲ್ಲಿ ಬಲೆಗೆ, ದೋಣಿಗೆ, ಎಳೆದವರಿಗೆ ಪಾಲು. ನಮ್ಮ ಆಫೀಸಿನ ಶೇರು ಲೆಕ್ಕಕ್ಕಿಂತ ಇದು ಸರಳ. ಹಾಗಂತ ಸ್ವರ್ಗ ಏನಲ್ಲ. ಬಂಗುಡೆ ಕೈಕೊಟ್ಟ ವರ್ಷ ಸಾಲವೇ ಗತಿ, ಬಲೆಯ ತುಂಡಿಲ್ಲದವನಿಗೆ ಮೈಮುರಿತದ ಪಾಲು ಮಾತ್ರ.

1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬೋಟ್ ಬಂತು. ಅದು ಹಿಂಡನ್ನು ಆಳದಲ್ಲೇ ಸುತ್ತುವರಿದು, ಕೆಳಗಿನ ಹಗ್ಗ ಎಳೆದು, ಜೋಳಿಗೆಯ ಬಾಯಿ ಕಟ್ಟಿದ ಹಾಗೆ ಬಲೆ ಮುಚ್ಚುತ್ತೆ. ಮೀನು ದಡಕ್ಕೆ ಬರೋ ತನಕ ಕಾಯುವವರ ಗತಿ ಏನು? ಪಕ್ಕದ ಗೋವಾದಲ್ಲಿ ರಾಂಪಣ್‌ಕಾರರು ಮತಾನ್ಹಿ ಸಲ್ಡಾನಾ ನೇತೃತ್ವದಲ್ಲಿ ಬೀದಿಗಿಳಿದರು. 1980ರಲ್ಲಿ ಅಲ್ಲಿ ಮೀನುಗಾರಿಕೆ ನಿಯಂತ್ರಣ ಕಾನೂನು ಬಂತು. ನಮ್ಮಲ್ಲಿ ಅಂಥ ಕಾನೂನು ಬಂದದ್ದು 1986ರಲ್ಲಿ, ಅಷ್ಟರಲ್ಲಿ ಬಹುತೇಕ ರಂಪಣಿಗಳು ಮಡಚಿಯಾಗಿತ್ತು.

ಇಲ್ಲಿ ಕಾದಂಬರಿಕಾರರು ಎಡವೋ ಜಾಗ ಒಂದಿದೆ: ಹೊರಗಿನವರು ಬಂದು ಬಡವರ ಮೀನು ದೋಚಿದರು ಅಂತ ಬರೆದುಬಿಡೋದು. ನಮ್ಮ ಕರಾವಳಿಯಲ್ಲಿ ಹಳೇ ರಂಪಣಿಯ ಪಾಲುದಾರರೇ ಎಷ್ಟೋ ಕಡೆ ಗುಂಪು ಕಟ್ಟಿಕೊಂಡು, ಬ್ಯಾಂಕ್ ಸಾಲ ಮಾಡಿ ಪರ್ಸೀನ್ ಬೋಟ್ ಇಳಿಸಿದರು. ಸಾಲ ಸಿಗದೆ ದಡದಲ್ಲಿ ಉಳಿದವರು ಹಗ್ಗ ಎಳೆಯುತ್ತಿದ್ದವರು. ಮತ್ತೆ, ಬುಟ್ಟಿ ಹಿಡಿದು ಅಲ್ಲೇ ಮೀನು ಕೊಳ್ಳುತ್ತಿದ್ದ ಹೆಂಗಸರು. ಅವರೀಗ ಬಂದರಿನ ಹರಾಜಿನಲ್ಲಿ ಲಾರಿ ತುಂಬಿಸುವ ದೊಡ್ಡ ವ್ಯಾಪಾರಿಗಳ ಜೊತೆ ಕೂಗಬೇಕು.

ಸಣ್ಣ ಕೈರಂಪಣಿ ಮಾತ್ರ ಕರಾವಳಿಯಲ್ಲಿ ಅಲ್ಲಲ್ಲಿ ಇನ್ನೂ ಇದೆ. ರಜೆಗೆ ಹೋದಾಗ ಕಂಡರೆ ಫೋಟೊ ಆಮೇಲೆ ತೆಗೀರಿ, ಮೊದಲು ಹಗ್ಗಕ್ಕೆ ಕೈ ಹಾಕಿ. ಮೀನು ಬಿದ್ದಿದ್ದರೆ ಬರಿಗೈಯಲ್ಲಿ ಕಳಿಸಲ್ಲ.