ಕಾಡ್ಗಿಚ್ಚಿನ ಹೊಗೆ: ನಿಮ್ಮೂರಿನ ಗಾಳಿಯನ್ನು ಅರಿಯುವುದು ಹೇಗೆ?

ಫೆಬ್ರುವರಿಯಿಂದ ಮೇ ತನಕ ರಾಜ್ಯದ ಒಣ ಕಾಡುಗಳಿಗೆ ಬೆಂಕಿಯ ಭೀತಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಅರಣ್ಯ ಸುಟ್ಟು ಬೂದಿಯಾದುದನ್ನು ಓದುಗರು ಮರೆತಿರಲಾರರು. ಬೆಂಕಿ ಕಾಡಿನಲ್ಲೇ ಉಳಿದರೂ ಹೊಗೆ ಗಾಳಿ ಬೀಸಿದತ್ತ ಸಾಗಿ ಊರುಗಳನ್ನು ಮುಟ್ಟುತ್ತದೆ. ಅಂಥ ದಿನ ಮಕ್ಕಳನ್ನು ಆಟಕ್ಕೆ ಕಳುಹಿಸಬಹುದೇ, ಅಸ್ತಮಾ ರೋಗಿಗಳು ವಾಯುವಿಹಾರಕ್ಕೆ ಹೊರಡಬಹುದೇ ಎಂಬುದನ್ನು ಅಂಕಿಗಳ ನೆರವಿನಿಂದ ನಿರ್ಧರಿಸುವುದು ಲೇಸು.

ಯಾವುದನ್ನು ನೋಡಬೇಕು?

ಹೊಗೆಯಲ್ಲಿ ಹೆಚ್ಚು ಅಪಾಯಕಾರಿಯಾದುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಹಾಗೂ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಭಾರತದಲ್ಲಿ ಇದರ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ.

ಎಲ್ಲಿ ನೋಡಬೇಕು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣ ಮತ್ತು 'ಸಮೀರ್' ಆ್ಯಪ್‌ನಲ್ಲಿ ಮಾಪನ ಕೇಂದ್ರವಾರು ವಾಯು ಗುಣಮಟ್ಟ ಸೂಚ್ಯಂಕ ಲಭ್ಯ. ಅದರ ಶ್ರೇಣಿಗಳು ಹೀಗಿವೆ:

* 0-50: ಉತ್ತಮ
* 51-100: ಸಮಾಧಾನಕರ
* 101-200: ಮಧ್ಯಮ
* 201-300: ಕಳಪೆ
* 301-400: ಅತಿ ಕಳಪೆ
* 401-500: ತೀವ್ರ

ಎಡವುವುದು ಎಲ್ಲಿ?

ಕಣಗಳ ಸೂಚ್ಯಂಕಕ್ಕೆ ಆಧಾರ ಹಿಂದಿನ 24 ಗಂಟೆಗಳ ಸರಾಸರಿ. ಬೆಳಗ್ಗೆ ದಟ್ಟ ಹೊಗೆ ಕವಿದರೂ ನಿನ್ನೆಯ ಶುದ್ಧ ಗಾಳಿ ಸೇರಿ ಸೂಚ್ಯಂಕ 'ಸಮಾಧಾನಕರ' ಎನ್ನಬಹುದು. ಆದ್ದರಿಂದ ಪಿಎಂ 2.5ರ ಗಂಟೆವಾರು ಪ್ರಮಾಣವನ್ನೇ ಗಮನಿಸಬೇಕು. ಅದು ಏರುತ್ತಿದ್ದರೆ ಸೂಚ್ಯಂಕಕ್ಕಾಗಿ ಕಾಯಬಾರದು.

ಅಳತೆಗೋಲೂ ದೇಶದಿಂದ ದೇಶಕ್ಕೆ ಬೇರೆ. 60 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕ 100, 'ಸಮಾಧಾನಕರ'. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟಿ 'ಅನಾರೋಗ್ಯಕರ' ಎನಿಸುತ್ತದೆ. ಹಲವು ಖಾಸಗಿ ಆ್ಯಪ್‌ಗಳು ಅಮೆರಿಕದ ಮಾನದಂಡವನ್ನೇ ಬಳಸುತ್ತವೆ.

ಕೇಂದ್ರ ದೂರವಿದ್ದರೆ?

ನಾಸಾದ 'ಫರ್ಮ್ಸ್' ನಕ್ಷೆಯಲ್ಲಿ ಉಪಗ್ರಹಗಳು ಗುರುತಿಸಿದ ಬೆಂಕಿಯ ತಾಣಗಳನ್ನು ಕಾಣಬಹುದು. ಗಾಳಿ ಅತ್ತಲಿಂದ ಬೀಸುತ್ತಿದ್ದು, ಎದುರಿನ ಗುಡ್ಡ ಮಸುಕಾಗಿ ಹೊಗೆಯ ವಾಸನೆ ಬರುತ್ತಿದ್ದರೆ ಅದೇ ಸಾಕಷ್ಟು ಎಚ್ಚರಿಕೆ. ಕಣಿವೆಗಳಲ್ಲಿ ರಾತ್ರಿ ಇಳಿದ ಹೊಗೆ ಬಿಸಿಲೇರುವವರೆಗೂ ಕದಲದಿರಬಹುದು. ಹೀಗಾಗಿ ಮುಂಜಾನೆಯ ಗಾಳಿ ಶುದ್ಧವೆಂಬ ನಂಬಿಕೆ ಈ ದಿನಗಳಿಗೆ ಸಲ್ಲದು.

ಹೊಗೆ ಹೆಚ್ಚಿದಾಗ ಕಿಟಕಿ ಮುಚ್ಚಿ ಒಳಗಿರುವುದು ಉತ್ತಮ. ಹೊರಹೋಗುವುದು ಅನಿವಾರ್ಯವಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಧರಿಸಿ. ಕರವಸ್ತ್ರ ಈ ಕಣಗಳನ್ನು ತಡೆಯದು. ಉಸಿರಾಟ ಕಷ್ಟವಾದರೆ ಅಂಕಿ ಏನೇ ಹೇಳಲಿ, ವೈದ್ಯರನ್ನು ಕಾಣಿರಿ.