ಜನರ ಕಾರು ಜನರ ಕೈಗೆ ಬಂದ ಬಗೆ

ಹಿಟ್ಲರನ ಮಾತು ಬಂದಾಗಲೆಲ್ಲ, "ಏನೇ ಹೇಳಿ, ಬಡವರಿಗೂ ಕಾರು ಸಿಗುವಂತೆ ಮಾಡಿದವನು ಅವನೇ" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಫೋಕ್ಸ್‌ವ್ಯಾಗನ್ ಎಂಬ ಜರ್ಮನ್ ಪದಕ್ಕೆ ಜನರ ವಾಹನ ಎಂದೇ ಅರ್ಥವಿರುವುದರಿಂದ ಈ ಮಾತನ್ನು ನಂಬುವುದೂ ಸುಲಭ. ಆದರೆ ಅವನ ಆಡಳಿತದಲ್ಲಿ ಆ ಕಾರಿಗಾಗಿ ಕಂತು ಕಟ್ಟಿದ ಸಾಮಾನ್ಯ ಜನರಲ್ಲಿ ಒಬ್ಬನಿಗೂ ಕಾರು ಸಿಗಲಿಲ್ಲ ಎಂಬುದು ಇತಿಹಾಸ.

ಫರ್ಡಿನಾಂಡ್ ಪೋರ್ಷೆ ಎಂಬ ಎಂಜಿನಿಯರ್ ರೂಪಿಸಿದ ಈ ಕಾರಿನ ಕಾರ್ಖಾನೆಗೆ 1938ರ ಮೇ 26ರಂದು ಫಾಲರ್ಸ್‌ಲೇಬೆನ್ ಎಂಬಲ್ಲಿ ಹಿಟ್ಲರ್ ಶಿಲಾನ್ಯಾಸ ಮಾಡಿದ. ಬೆಲೆ 990 ಮಾರ್ಕ್. ವಾರಕ್ಕೆ ಕನಿಷ್ಠ 5 ಮಾರ್ಕ್ ಕಟ್ಟುತ್ತಾ ಪುಸ್ತಕದಲ್ಲಿ ಚೀಟಿ ಅಂಟಿಸುತ್ತಾ ಹೋಗಬೇಕು, ಪುಸ್ತಕ ತುಂಬಿದಾಗ ಕಾರು. ಸುಮಾರು 3 ಲಕ್ಷ 36 ಸಾವಿರ ಮಂದಿ ಈ ಯೋಜನೆಗೆ ಸೇರಿದರು. ಮರುವರ್ಷವೇ ಯುದ್ಧ ಶುರುವಾಯಿತು. ಕಾರ್ಖಾನೆಯಲ್ಲಿ ಸೈನ್ಯದ ವಾಹನಗಳು ತಯಾರಾದವು. ಅವನ್ನು ತಯಾರಿಸಲು ಆಕ್ರಮಿತ ದೇಶಗಳಿಂದ ಎಳೆತಂದ ಜನರನ್ನೂ ಯುದ್ಧಕೈದಿಗಳನ್ನೂ ಯಾತನಾ ಶಿಬಿರಗಳ ಬಂದಿಗಳನ್ನೂ ಬಳಸಲಾಯಿತು. ಹೀಗೆ ಬಲವಂತವಾಗಿ ದುಡಿದವರ ಸಂಖ್ಯೆ ಸುಮಾರು 20 ಸಾವಿರ. ಕಂತು ಕಟ್ಟಿದವರು ಯುದ್ಧಾನಂತರ ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಮುಗಿದದ್ದು 1961ರಲ್ಲಿ. ಹೊಸ ಕಾರು ಕೊಂಡರೆ 600 ಮಾರ್ಕ್‌ವರೆಗೆ ರಿಯಾಯಿತಿ, ಬೇಡವೆಂದರೆ 100 ಮಾರ್ಕ್ ನಗದು. ಇಷ್ಟೇ ಅವರಿಗೆ ದಕ್ಕಿದ್ದು.

ಹಾಗಾದರೆ ಈ ಕಾರು ನಿಜವಾಗಿ ಜನರದ್ದಾದುದು ಯಾವಾಗ?

1945ರಲ್ಲಿ ಬಾಂಬಿಗೆ ಸಿಕ್ಕಿ ಹಾನಿಗೊಂಡಿದ್ದ ಕಾರ್ಖಾನೆಯನ್ನು ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಮತ್ತೆ ನಡೆಯುವಂತೆ ಮಾಡಿದರು. 1948ರಲ್ಲಿ ಹೈನ್‌ರಿಶ್ ನೋರ್ಡ್‌ಹಾಫ್ ಅದರ ಹೊಣೆ ಹೊತ್ತರು. 1955ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಜೀರುಂಡೆಯಂತಿದ್ದ ಆಕಾರದಿಂದ ಬೀಟಲ್ ಎಂದು ಹೆಸರಾದ ಅದು ಅಮೆರಿಕದಲ್ಲಿ 1968ನೇ ಒಂದೇ ವರ್ಷ 4 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಕಂಪೆನಿಗಳ ಚರಿತ್ರೆಕಾರರು ಈ ಅಂಕಿ ಅಂಶಗಳಲ್ಲೇ ನಿಂತುಬಿಡುತ್ತಾರೆ. ಹೊಸ ಕಾರು ಕೊಂಡವನ ಕಥೆ ಎಲ್ಲರಿಗೂ ಗೊತ್ತು. ಅದೇ ಕಾರನ್ನು ಹತ್ತು ವರ್ಷದ ಬಳಿಕ ಮೂರನೆಯ ಅಥವಾ ನಾಲ್ಕನೆಯ ಮಾಲೀಕನಾಗಿ ಕೊಂಡವನ ಕಥೆ ಯಾರಿಗೆ ಬೇಕು? ವಿದ್ಯಾರ್ಥಿ, ಕೂಲಿಕಾರ, ಕೆಲಸ ಬಿಟ್ಟು ಊರೂರು ಅಲೆಯುವ ಯುವಕ, ಇಂಥವರ ಕೈಗೆ ಕಾರು ಬರುವಾಗ ಅದರ ಎಂಜಿನ್ ಸವೆದಿರುತ್ತದೆ. ಅದನ್ನು ಬಿಚ್ಚಿ ಕಟ್ಟಿಸುವ ಖರ್ಚು ಕೆಲವೊಮ್ಮೆ ಕಾರಿನ ಬೆಲೆಗಿಂತಲೂ ಹೆಚ್ಚು. ಕಾರು ಉಳಿಯುವುದೋ ಗುಜರಿಗೆ ಹೋಗುವುದೋ ಎಂಬುದು ತೀರ್ಮಾನವಾಗುವುದು ಅಲ್ಲಿ.

ಇಲ್ಲಿ ಸ್ವಲ್ಪ ಎಂಜಿನಿನ ಒಳಗೆ ಇಣುಕಬೇಕು. ನಮ್ಮ ಅಂಬಾಸಿಡರಿನಂಥ ಕಾರುಗಳಲ್ಲಿ ನಾಲ್ಕೂ ಸಿಲಿಂಡರುಗಳು ಒಂದೇ ಕಬ್ಬಿಣದ ಬ್ಲಾಕಿನಲ್ಲಿರುತ್ತವೆ. ಅವು ಸವೆದರೆ ಭಾರವಾದ ಇಡೀ ಬ್ಲಾಕನ್ನು ಹೊತ್ತುಕೊಂಡು ಹೋಗಿ ಬೋರ್ ಮಾಡಿಸಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ ಅದು. ಬೀಟಲಿನ ರಚನೆಯೇ ಬೇರೆ. ಅದರ ಎಂಜಿನ್ ಹಿಂದುಗಡೆ ಇದೆ. ಈಚೆ ಎರಡು, ಆಚೆ ಎರಡು ಎಂಬಂತೆ ನಾಲ್ಕು ಸಿಲಿಂಡರುಗಳು ಅಡ್ಡ ಮಲಗಿವೆ. ಪ್ರತಿಯೊಂದೂ ಬಿಡಿ ಬಿಡಿಯಾದ ಕಬ್ಬಿಣದ ಕೊಳವೆ. ಸವೆದುದನ್ನು ಎಳೆದು ತೆಗೆದು, ಪಿಸ್ಟನ್ ಸಮೇತ ಸೆಟ್ಟಾಗಿ ಸಿಗುವ ಹೊಸತನ್ನು ಕೂರಿಸಿದರಾಯಿತು. ತಂಪುಮಾಡುವುದು ಗಾಳಿ, ನೀರಲ್ಲ. ಹಾಗಾಗಿ ರೇಡಿಯೇಟರ್ ಇಲ್ಲ, ನೀರಿನ ಪಂಪಿಲ್ಲ. ಗ್ಯಾರೇಜ್ ಇಲ್ಲದವನ ಕಾರು ಚಳಿಗಾಲದಲ್ಲಿ ಬಯಲಲ್ಲೇ ನಿಂತರೂ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳುವ ಭಯವೂ ಇಲ್ಲ. ಗೇರ್‌ಬಾಕ್ಸಿಗೆ ಇಡೀ ಎಂಜಿನನ್ನು ಹಿಡಿದಿಟ್ಟಿರುವುದು ನಾಲ್ಕೇ ನಾಲ್ಕು ನಟ್‌ಗಳು. ವೈರುಗಳನ್ನೂ ಆಕ್ಸಿಲರೇಟರ್ ಕೇಬಲನ್ನೂ ಪೆಟ್ರೋಲ್ ಪೈಪನ್ನೂ ಕಳಚಿ, ಕೆಳಗೆ ಜಾಕ್ ಕೊಟ್ಟು ಇಳಿಸಿ, ಕಾರಿನ ಹಿಂಭಾಗ ಎತ್ತಿದರೆ ಎಂಜಿನ್ ಹೊರಗೆ ಬರುತ್ತದೆ. ಕ್ರೇನ್ ಬೇಡ.

ಇಷ್ಟೆಲ್ಲ ಅನುಕೂಲವಿದ್ದರೂ ಗೊತ್ತಿಲ್ಲದವನಿಗೆ ಅದು ಕಬ್ಬಿಣದ ಕಡಲೆಯೇ. ಆ ಕೊರತೆ ನೀಗಿಸಿದ್ದು ಒಂದು ಪುಸ್ತಕ. 1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿದ್ದ ಜಾನ್ ಮ್ಯೂರ್ ಎಂಬವರು ಬೀಟಲನ್ನು ಜೀವಂತ ಉಳಿಸಿಕೊಳ್ಳುವುದು ಹೇಗೆ ಎಂಬ ಕೈಪಿಡಿಯನ್ನು ತಾವೇ ಪ್ರಕಟಿಸಿದರು. ಓದಿನಿಂದ ಎಂಜಿನಿಯರ್ ಆಗಿದ್ದ ಅವರು ಆ ವೃತ್ತಿ ಬಿಟ್ಟು ಬಂದಿದ್ದರು. ಶುದ್ಧ ದಡ್ಡರಿಗಾಗಿ ಬರೆದದ್ದೆಂದು ಪುಸ್ತಕದ ಉಪಶೀರ್ಷಿಕೆಯಲ್ಲೇ ಹೇಳಿಕೊಂಡರು. ಚಿತ್ರಗಳನ್ನು ಬರೆದವರು ಪೀಟರ್ ಆಶ್ವಾಂಡನ್. ನೆಲದ ಮೇಲೆ ಬಿಚ್ಚಿಟ್ಟರೆ ಪುಟ ಮಗುಚಿಕೊಳ್ಳದಂತೆ ಸುರುಳಿ ತಂತಿಯ ಬೈಂಡಿಂಗ್. ಎಣ್ಣೆಗೈಯಲ್ಲಿ ಓದಬೇಕಾದ ಪುಸ್ತಕ ಹೇಗಿರಬೇಕೆಂದು ಬರೆದವನಿಗೆ ಗೊತ್ತಿತ್ತು. ಕಂಪೆನಿಯ ಕೈಪಿಡಿಗಳು ಕಂಪೆನಿಯ ವರ್ಕ್‌ಶಾಪಿಗೆ ಬರೆದವು. ವಿಶೇಷ ಉಪಕರಣಗಳು ಮೆಕ್ಯಾನಿಕನ ಬಳಿ ಇವೆಯೆಂದೇ ಅವು ಭಾವಿಸಿರುತ್ತವೆ. ಮ್ಯೂರ್ ಹಾಗೆ ಭಾವಿಸಲಿಲ್ಲ. ಉಪಕರಣಗಳನ್ನೇ ಹಂತ ಹಂತವಾಗಿ ವಿಂಗಡಿಸಿ, ಮಾಡುವ ಕೆಲಸಕ್ಕೆ ತಕ್ಕಷ್ಟೇ ಕೊಂಡರೆ ಸಾಕೆಂದರು. ಪುಸ್ತಕದ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗಿವೆ.

ಹಣವಿಲ್ಲದವನು ಈ ಎಂಜಿನನ್ನು ಮನೆಯಲ್ಲಿ ಕಟ್ಟುವಾಗ ಎದುರಾಗುವ ಸಂಗತಿಗಳು ಸ್ವಾರಸ್ಯಕರವಾಗಿವೆ. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಫ್ಲೈವೀಲನ್ನು ಹಿಡಿದಿರುವ ಒಂದು ದೊಡ್ಡ ನಟ್ ಇದೆ, 36 ಮಿಲಿಮೀಟರಿನದು. ಅದನ್ನು ಸುಮಾರು 35 ಕಿಲೋಗ್ರಾಂ-ಮೀಟರ್ ಬಲದಲ್ಲಿ ಬಿಗಿಯಬೇಕು. ಅಷ್ಟು ಅಳೆಯುವ ಟಾರ್ಕ್ ಸ್ಪ್ಯಾನರ್ ದುಬಾರಿ. ಆದರೆ ಸ್ಪ್ಯಾನರಿಗೆ ಕಬ್ಬಿಣದ ಪೈಪ್ ತೂರಿಸಿ, ನಟ್ಟಿನಿಂದ ಅರ್ಧ ಮೀಟರ್ ದೂರದಲ್ಲಿ 70 ಕಿಲೋ ತೂಕದ ಮನುಷ್ಯ ತನ್ನ ಭಾರವೆಲ್ಲ ಬಿಟ್ಟು ನಿಂತರೆ ಬೀಳುವ ಬಲವೂ ಅಷ್ಟೇ. ಶಾಲೆಯಲ್ಲಿ ಓದಿ ಮರೆತ ಸನ್ನೆಯ ಲೆಕ್ಕ ಇಲ್ಲಿ ಹಣ ಉಳಿಸುತ್ತದೆ.

ಆದರೆ ಎಲ್ಲ ಕಡೆ ಮೈಭಾರ ನಡೆಯದು. ಸಿಲಿಂಡರ್ ಹೆಡ್ಡಿನ ನಟ್‌ಗಳನ್ನು ಹಾಗೆ ಬಿಗಿದರೆ ಮೆಗ್ನೀಸಿಯಂ ಮಿಶ್ರಲೋಹದ ಮೆದು ಕ್ರ್ಯಾಂಕ್‌ಕೇಸಿನಿಂದ ಬೋಲ್ಟೇ ಕಿತ್ತು ಬರುತ್ತದೆ. ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಅಲುಗಾಡುವ ಅಂತರ 0.07ರಿಂದ 0.13 ಮಿಲಿಮೀಟರಿನೊಳಗೆ ಇರಬೇಕು. ಅದಕ್ಕೆ ಬೇರೆ ಬೇರೆ ದಪ್ಪದ ಬಿಲ್ಲೆಗಳಲ್ಲಿ ಮೂರನ್ನು ಆರಿಸಿ ಹಾಕಬೇಕು. ಕ್ಯಾಮ್ ಗೇರಿನ ಒಂದು ಗುರುತು ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ಕೂರಬೇಕು. ಒಂದು ಹಲ್ಲು ತಪ್ಪಿದರೂ ಕಟ್ಟಿದ ಎಂಜಿನನ್ನು ಮತ್ತೆ ಬಿಚ್ಚುವುದೇ ಗತಿ. ಕ್ರ್ಯಾಂಕ್‌ಕೇಸಿನೊಳಗೆ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಮನೆಯ ಕೆಲಸ ಅಲ್ಲಿಗೆ ನಿಂತಿತು. ಲೇತ್ ಇರುವವರ ಬಳಿ ಹೋಗಲೇಬೇಕು. ಸವೆದ ಕೇಸಿಗೆ ಹೊಸ ಬೇರಿಂಗ್ ಹಾಕಿ ದುಡ್ಡು ಉಳಿಸಿದೆನೆಂದು ಬೀಗಿದವನ ಎಂಜಿನ್ ಬಹುಕಾಲ ಬಾಳುವುದಿಲ್ಲ. ಅಗ್ಗದಲ್ಲಿ ಮುಗಿಸುವುದೆಂದರೆ ಎಲ್ಲದರಲ್ಲೂ ಉಳಿಸುವುದಲ್ಲ. ಗ್ಯಾಸ್ಕೆಟ್, ಬೇರಿಂಗ್, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಇವು ಹೊಸತೇ ಆಗಬೇಕು. ದುಡಿಮೆಯ ಕೂಲಿ ಮಾತ್ರ ನಮಗೇ ಉಳಿಯುತ್ತದೆ.

ಎಕ್ಸಾಸ್ಟ್ ವಾಲ್ವಿನದ್ದೇ ಒಂದು ಪ್ರತ್ಯೇಕ ಕಥೆ. 1971ರ ಮಾದರಿಗಿಂತ ಹಿಂದಿನ ಬೀಟಲುಗಳಲ್ಲಿ ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಆಯಿಲ್ ಕೂಲರ್ ಅಡ್ಡವಾಗಿತ್ತು. ಆ ಸಿಲಿಂಡರ್ ಉಳಿದವಕ್ಕಿಂತ ಹೆಚ್ಚು ಕಾಯುತ್ತಿತ್ತು. ಕಾದ ವಾಲ್ವ್ ಎಳೆದು ಉದ್ದವಾಗಿ, ಅದರ ಸಡಿಲು ಕಡಿಮೆಯಾಗುತ್ತಾ ಬಂದು, ಕೊನೆಗೆ ಅದು ಪೂರ್ತಿ ಮುಚ್ಚದಾಗುತ್ತದೆ. ಮುಚ್ಚದ ವಾಲ್ವಿನಿಂದ ಬಿಸಿ ಇಳಿದು ಹೋಗುವುದಿಲ್ಲ. ಒಂದು ದಿನ ಅದರ ತಲೆ ಮುರಿದು ಪಿಸ್ಟನಿನ ಮೇಲೆ ಬೀಳುತ್ತದೆ. ತಮಾಷೆಯೆಂದರೆ ವಾಲ್ವ್ ಟಕಟಕ ಎನ್ನುತ್ತಿರುವವರೆಗೆ ಅಪಾಯವಿಲ್ಲ. ಸದ್ದು ನಿಂತಾಗ ಎಂಜಿನ್ ಸರಿಹೋಯಿತೆಂದು ಗೊತ್ತಿಲ್ಲದವನು ಖುಷಿಪಡುತ್ತಾನೆ, ಗೊತ್ತಿದ್ದವನು ಸ್ಪ್ಯಾನರ್ ಹುಡುಕುತ್ತಾನೆ. ಪ್ರತಿ 3,000 ಮೈಲಿಗೊಮ್ಮೆ, ಎಂಜಿನ್ ಪೂರ್ತಿ ತಣಿದಿರುವಾಗ ಸಡಿಲನ್ನು ಸರಿಪಡಿಸಿ ಎರಡೂವರೆ ಲೀಟರ್ ಆಯಿಲ್ ಬದಲಿಸಿದರೆ ಈ ಅನಾಹುತ ಬಹುಮಟ್ಟಿಗೆ ತಪ್ಪುತ್ತದೆ. ಕಂಪೆನಿಯ ವಿನ್ಯಾಸದ ಈ ದೋಷಕ್ಕೆ ಬೆಲೆ ತೆತ್ತವರು ಹಳೆಯ ಕಾರು ಕೊಂಡವರು. ಪರಿಹಾರ ಕಲಿತು ಒಬ್ಬರಿಗೊಬ್ಬರು ಹೇಳಿಕೊಟ್ಟವರೂ ಅವರೇ.

1972ರ ಫೆಬ್ರವರಿ 17ರಂದು ಬೀಟಲ್ ಫೋರ್ಡ್ ಮಾಡೆಲ್-ಟಿ ಕಾರಿನ ಒಂದೂವರೆ ಕೋಟಿಯ ದಾಖಲೆಯನ್ನು ಮುರಿಯಿತು. 1978ರಲ್ಲಿ ಜರ್ಮನಿಯಲ್ಲಿ ಅದರ ಸೆಡಾನ್ ಮಾದರಿಯ ಉತ್ಪಾದನೆ ನಿಂತಿತು. ಬ್ರೆಜಿಲ್ ಮತ್ತು ಮೆಕ್ಸಿಕೊಗಳಲ್ಲಿ ಮುಂದುವರಿಯಿತು. ಮೆಕ್ಸಿಕೊ ನಗರದ ಟ್ಯಾಕ್ಸಿಯವರಿಗೆ ದಶಕಗಳ ಕಾಲ ಅದೇ ಅನ್ನದ ದಾರಿಯಾಗಿತ್ತು. 2003ರ ಜುಲೈ 30ರಂದು ಪ್ಯುಯೆಬ್ಲಾ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದಾಗ ಒಟ್ಟು ಸಂಖ್ಯೆ 2,15,29,464 ಆಗಿತ್ತು. ಜಾನ್ ಮ್ಯೂರ್ 1977ರಲ್ಲೇ ತೀರಿಕೊಂಡಿದ್ದರು. ಪುಸ್ತಕ ಪರಿಷ್ಕೃತಗೊಳ್ಳುತ್ತಾ ಅಚ್ಚಾಗುತ್ತಲೇ ಇತ್ತು.

ಆಮೇಲೆ ಬಂದ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ದೋಷ ಏನೆಂದು ಹೇಳುವುದು ಕಂಪ್ಯೂಟರ್. ಆ ಕಂಪ್ಯೂಟರಿನ ಮಾತು ಕಂಪೆನಿಯ ಡೀಲರಿಗೆ ಮಾತ್ರ ತಿಳಿಯಬೇಕೇ ಎಂಬ ಪ್ರಶ್ನೆ 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮತದಾರರ ಮುಂದೆ ಬಂತು. ರಿಪೇರಿಯ ಮಾಹಿತಿ ಕಾರಿನ ಮಾಲೀಕನಿಗೂ ಅವನು ನೆಚ್ಚಿದ ಮೆಕ್ಯಾನಿಕನಿಗೂ ಸಿಗಬೇಕೆಂದು ಅವರು ಭಾರೀ ಬಹುಮತದಿಂದ ತೀರ್ಪಿತ್ತರು. ಅಷ್ಟರಲ್ಲಿ ಕಾರುಗಳು ತಮ್ಮ ಮಾಹಿತಿಯನ್ನು ತಂತಿಯಿಲ್ಲದೆ ನೇರ ಕಂಪೆನಿಗೇ ಕಳಿಸತೊಡಗಿದ್ದವು. ಆ ಬಾಗಿಲನ್ನೂ ತೆರೆಸಲು 2020ರಲ್ಲಿ ಅದೇ ರಾಜ್ಯದ ಜನ ಮತ್ತೊಮ್ಮೆ ಮತ ಹಾಕಬೇಕಾಯಿತು. ಈ ಸಲವೂ ಗೆದ್ದರು. ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು.